ಫ್ರೀಬಿಎಸ್‌ಡಿ ಸರ್ವರ್‌ನಲ್ಲಿ ಕನ್ನಡದ ಕಾಟಾ ಚೀಟಿ: ಲೈಬ್ರರಿಗಳ ಆಯ್ಕೆ ಮತ್ತು ಸ್ಥಾಪನೆ ಕುರಿತ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕೊಪ್ಪಳ ಜಿಲ್ಲೆಯ ಗಂಗಾವತಿ ಮತ್ತು ಕಾರಟಗಿ ತಾಲ್ಲೂಕುಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ. ಸುಗ್ಗಿಯ ದಿನಗಳಲ್ಲಿ ಇಲ್ಲಿನ ರೈಸ್ ಮಿಲ್‌ಗಳ ಮುಂದೆ ಭತ್ತ ಹೇರಿದ ಟ್ರ್ಯಾಕ್ಟರ್‌ಗಳೂ ಲಾರಿಗಳೂ ಸಾಲುಗಟ್ಟಿ ನಿಲ್ಲುತ್ತವೆ. ಪ್ರತಿಯೊಂದು ಗಾಡಿಯೂ ಮಿಲ್‌ನ ವೇಬ್ರಿಡ್ಜ್ ಮೇಲೆ, ಊರವರ ಮಾತಿನಲ್ಲಿ ಹೇಳುವುದಾದರೆ ಕಾಟಾದ ಮೇಲೆ, ಎರಡು ಸಲ ನಿಲ್ಲಬೇಕು: ತುಂಬಿದ ಗಾಡಿ ಒಮ್ಮೆ, ಭತ್ತ ಇಳಿಸಿದ ಮೇಲೆ ಖಾಲಿ ಗಾಡಿ ಇನ್ನೊಮ್ಮೆ. ಎರಡರ ನಡುವಿನ ವ್ಯತ್ಯಾಸವೇ ನಿವ್ವಳ ತೂಕ. ಅದನ್ನು 75 ಕಿಲೊ ಚೀಲದ ಲೆಕ್ಕಕ್ಕೆ ತಂದು ದರ ಕಟ್ಟುತ್ತಾರೆ. ಹಣ ಕೈಗೆ ಬರುವವರೆಗೆ ರೈತರ ಬಳಿ ಇರುವ ಆಧಾರವೆಂದರೆ ಈ ಲೆಕ್ಕ ಮುದ್ರಿತವಾದ ಚೀಟಿ.

ಈ ಅಧ್ಯಯನದ ಮಿಲ್‌ನಲ್ಲಿ ಆ ಚೀಟಿ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತಿತ್ತು. ಅದನ್ನು ಮುದ್ರಿಸುತ್ತಿದ್ದ ಹಳೆಯ ವಿಂಡೋಸ್ ಕಂಪ್ಯೂಟರ್ ಕೆಟ್ಟು ರಿಪೇರಿಯಾಗದ ಸ್ಥಿತಿಗೆ ಬಂದಾಗ ಮಾಲೀಕರು ಎರಡು ಬೇಡಿಕೆಗಳನ್ನು ಒಟ್ಟಿಗೇ ಮುಂದಿಟ್ಟರು. ಚೀಟಿ ಇನ್ನು ಮುಂದೆ ಕನ್ನಡದಲ್ಲಿ ಇರಬೇಕು. ಮತ್ತು ಆ ಕೆಲಸ ಆಫೀಸಿನ ಹಿಂದಿನ ಕೋಣೆಯಲ್ಲಿ ಮೊದಲಿನಿಂದಲೂ ಇದ್ದ ಸರ್ವರ್ ಮೇಲೆಯೇ ನಡೆಯಬೇಕು. ‘ಇದ್ದ ಮಷೀನ್ ಮ್ಯಾಗೇ ಮಾಡ್ಕೊಡ್ರಿ ಸರ. ಕರೆಂಟ್ ಎಷ್ಟು ಸಲ ಹೋದ್ರೂ ಅದು ಲೆಕ್ಕ ಕಳಕೊಂಡಿಲ್ಲ’ ಎಂಬುದು ಅವರ ಮಾತು. ಆ ಸರ್ವರ್‌ನಲ್ಲಿ ಇದ್ದದ್ದು ಫ್ರೀಬಿಎಸ್‌ಡಿ 14 ಎಂಬ ಆಪರೇಟಿಂಗ್ ಸಿಸ್ಟಂ.

ಫ್ರೀಬಿಎಸ್‌ಡಿ ಹೊಸ ವ್ಯವಸ್ಥೆಯಲ್ಲ. ಅದರ ಮೊದಲ ಬಿಡುಗಡೆ 1993ರದು. ನೆಟ್‌ಫ್ಲಿಕ್ಸ್ ತನ್ನ ವಿಡಿಯೊಗಳನ್ನು ಜಗತ್ತಿಗೆ ಹಂಚುವ ಸರ್ವರ್‌ಗಳಲ್ಲಿ ಅದನ್ನೇ ಬಳಸುತ್ತದೆ. ಆದರೆ ನಮ್ಮ ಜಿಲ್ಲೆಗಳ ಕಚೇರಿ, ಅಂಗಡಿ, ಕಾಲೇಜುಗಳಲ್ಲಿ ಅದನ್ನು ಕಂಡವರು ಕಡಿಮೆ. ಈ ಮಿಲ್‌ನಲ್ಲಿ ಅದು ಉಳಿದುಕೊಂಡಿದ್ದಕ್ಕೆ ಕಾರಣ ಜಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ. ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯನ್ನು ಜೋಡಿಯಾಗಿ ಇಡುವಂತೆ ಅದನ್ನು ಹೊಂದಿಸಲಾಗಿತ್ತು. ಜಡ್‌ಎಫ್‌ಎಸ್ ಇರುವ ಮಾಹಿತಿಯ ಮೇಲೆಯೇ ಹೊಸದನ್ನು ಬರೆಯುವುದಿಲ್ಲ. ಹೊಸದನ್ನು ಬೇರೆ ಜಾಗದಲ್ಲಿ ಪೂರ್ತಿ ಬರೆದ ಮೇಲೆಯೇ ಹಳೆಯದನ್ನು ಬಿಡುತ್ತದೆ. ಆದ್ದರಿಂದ ಬರೆಯುವ ನಡುವೆ ವಿದ್ಯುತ್ ಹೋದರೆ ಕೊನೆಯ ಕ್ಷಣದ ಕೆಲಸ ತಪ್ಪಬಹುದೇ ಹೊರತು ಫೈಲ್ ವ್ಯವಸ್ಥೆ ಅರೆಬರೆಯಾಗುವುದಿಲ್ಲ. ಮಾಲೀಕರ ನಂಬಿಕೆಗೆ ಹೀಗೆ ತಾಂತ್ರಿಕ ಆಧಾರವಿತ್ತು. ಹಾಗಾಗಿ ಆಪರೇಟಿಂಗ್ ಸಿಸ್ಟಂ ಬದಲಿಸುವ ಪ್ರಶ್ನೆಯನ್ನು ನಾವು ಎತ್ತಲಿಲ್ಲ. ಅದಕ್ಕೆ ಹೊಂದುವ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಭಾಗಗಳನ್ನು, ಹುಡುಕುವುದೇ ನಮ್ಮ ಕೆಲಸವೆಂದು ಒಪ್ಪಿಕೊಂಡೆವು.

ಕೆಲಸ ಮೂರು ಭಾಗದ್ದು. ವೇಬ್ರಿಡ್ಜ್ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೂಲಕ ಬರುವ ತೂಕವನ್ನು ಓದುವುದು, ಅದನ್ನು ದಾಖಲಿಸುವುದು, ಮತ್ತು ಕನ್ನಡದ ಚೀಟಿಯನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಕಳಿಸುವುದು. ಪ್ರೋಗ್ರಾಮಿಂಗ್ ಭಾಷೆಯಾಗಿ ಪೈಥಾನ್ ಅನ್ನು ಆರಿಸಿದೆವು, ಏಕೆಂದರೆ ಮುಂದೆ ಇದನ್ನು ನೋಡಿಕೊಳ್ಳಬೇಕಾದ ಗಂಗಾವತಿಯ ಯುವಕನಿಗೆ ಬರುವ ಭಾಷೆ ಅದು.

ಲೈಬ್ರರಿ ಬರುವ ದಾರಿ

ಲಿನಕ್ಸ್ ಅಥವಾ ವಿಂಡೋಸ್‌ನಲ್ಲಿ ಪೈಥಾನ್ ಬರೆಯುವವರು ಲೈಬ್ರರಿಯ ಗುಣವನ್ನು ನೋಡಿ ಆರಿಸುತ್ತಾರೆ, ‘ಪಿಪ್’ ಆಜ್ಞೆ ಕೊಡುತ್ತಾರೆ, ಅದು ಬಂದು ಕೂರುತ್ತದೆ. ಅದು ಅಷ್ಟು ಸಲೀಸಾಗಿ ಬರುವುದರ ಹಿಂದೆ ಬೇರೆಯವರ ಶ್ರಮವಿದೆ. ಸಿ, ಸಿ++ ಅಥವಾ ರಸ್ಟ್ ಭಾಷೆಯ ಭಾಗಗಳಿರುವ ಲೈಬ್ರರಿಗಳನ್ನು ಅವುಗಳ ಕರ್ತೃಗಳು ಮೊದಲೇ ಕಂಪೈಲ್ ಮಾಡಿ (ಯಂತ್ರ ನೇರವಾಗಿ ಓಡಿಸುವ ಬೈನರಿ ರೂಪಕ್ಕೆ ತಂದು) ‘ವ್ಹೀಲ್’ ಎಂಬ ರೂಪದಲ್ಲಿ ಪೈಥಾನ್ ಲೈಬ್ರರಿಗಳ ಪೈಪಿಐ ಭಂಡಾರಕ್ಕೆ ಏರಿಸಿರುತ್ತಾರೆ. ಆ ವ್ಹೀಲ್‌ಗಳು ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್‌ಗೆ ಸಿಗುತ್ತವೆ. ಫ್ರೀಬಿಎಸ್‌ಡಿಗೆ ಆ ಭಂಡಾರದಲ್ಲಿ ಬೈನರಿ ವ್ಹೀಲ್‌ಗಳಿಲ್ಲ. ಹಾಗಾಗಿ ಇಲ್ಲಿ ಅದೇ ಆಜ್ಞೆ ಕೊಟ್ಟರೆ ಪಿಪ್ ಸೋರ್ಸ್ ಕೋಡನ್ನು ಇಳಿಸಿಕೊಂಡು ಇದೇ ಯಂತ್ರದಲ್ಲಿ ಕಂಪೈಲ್ ಮಾಡಲು ತೊಡಗುತ್ತದೆ. ಪೂರ್ತಿ ಪೈಥಾನ್‌ನಲ್ಲೇ ಬರೆದ ಲೈಬ್ರರಿಗಳಿಗೆ ಈ ತೊಡಕು ಇಲ್ಲ. ಅವು ಎಲ್ಲೆಡೆ ಒಂದೇ ರೀತಿ ಕೂರುತ್ತವೆ.

ಫ್ರೀಬಿಎಸ್‌ಡಿಯ ಸ್ವಂತ ದಾರಿ ಬೇರೆಯದು. ಕರ್ನಲ್ (ವ್ಯವಸ್ಥೆಯ ತಿರುಳು) ಮತ್ತು ಮೂಲ ಉಪಕರಣಗಳನ್ನು ಒಂದೇ ತಂಡ ಒಂದೇ ಸೋರ್ಸ್ ಕೋಡ್ ಸಂಗ್ರಹದಲ್ಲಿ ಬೆಳೆಸುತ್ತದೆ. ಉಳಿದೆಲ್ಲ ಸಾಫ್ಟ್‌ವೇರ್ ‘ಪೋರ್ಟ್ಸ್’ ಎಂಬ ಸಂಗ್ರಹದ ಮೂಲಕ ಬರುತ್ತದೆ. ಅದರಲ್ಲಿ 30,000ಕ್ಕೂ ಹೆಚ್ಚು ಸಾಫ್ಟ್‌ವೇರ್‌ಗಳಿಗೆ ಕಂಪೈಲ್ ಮಾಡುವ ವಿಧಾನವೂ ಬೇಕಾದ ತಿದ್ದುಪಡಿಗಳೂ ಬರೆದಿಟ್ಟಿವೆ. ಅವುಗಳಿಂದ ಯೋಜನೆಯವರೇ ಕಟ್ಟಿದ ಸಿದ್ಧ ಪ್ಯಾಕೇಜ್‌ಗಳನ್ನು ‘ಪಿಕೆಜಿ’ ಆಜ್ಞೆ ತಂದು ‘ಯುಎಸ್‌ಆರ್ ಲೋಕಲ್’ ಕೋಶದೊಳಗೆ ಇಡುತ್ತದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ಮೂರು ತಿಂಗಳಿಗೊಮ್ಮೆ ತೆಗೆಯುವ ಕವಲೊಂದಿದೆ, ಅಂದರೆ ಪ್ಯಾಕೇಜ್ ಆವೃತ್ತಿಗಳ ಒಂದು ಗುಂಪು. ಸದಾ ಹೊಸತಾಗಿರುವ ಕವಲು ಇನ್ನೊಂದು. ಏನೂ ಬದಲಿಸದಿದ್ದರೆ ನಮಗೆ ಸಿಗುವುದು ಮೂರು ತಿಂಗಳ ಕವಲು.

ಹೀಗಾಗಿ ಕಡಿಮೆ ಜನ ಬಳಸುವ ವ್ಯವಸ್ಥೆಯಲ್ಲಿ ‘ಯಾವ ಲೈಬ್ರರಿ ಚೆನ್ನಾಗಿದೆ’ ಎಂಬ ಪ್ರಶ್ನೆಗಿಂತ ಮೊದಲು ‘ಅದು ಯಾವ ದಾರಿಯಿಂದ ಬರುತ್ತದೆ, ಎರಡು ವರ್ಷದ ನಂತರವೂ ಆ ದಾರಿ ತೆರೆದಿರುತ್ತದೆಯೇ’ ಎಂದು ಕೇಳಬೇಕಾಗುತ್ತದೆ. ಈ ಪ್ರಕರಣದ ಬಹುತೇಕ ನಿರ್ಧಾರಗಳು ಈ ಪ್ರಶ್ನೆಯಿಂದಲೇ ಹುಟ್ಟಿದವು. ಪ್ರತಿಯೊಂದು ಲೈಬ್ರರಿಗೂ ಪೋರ್ಟ್ಸ್‌ನಲ್ಲಿ ಜಾಗ ಇದೆಯೇ ಎಂದು ನೋಡಿದೆವು. ಇದ್ದರೆ ಅದರ ಮೇಂಟೇನರ್ ಯಾರು ಎಂಬುದನ್ನೂ ನೋಡಿದೆವು. ಮೇಂಟೇನರ್ ಜಾಗದಲ್ಲಿ ವ್ಯಕ್ತಿಯ ಅಥವಾ ತಂಡದ ವಿಳಾಸದ ಬದಲು ಪೋರ್ಟ್ಸ್‌ನ ಸಾಮಾನ್ಯ ವಿಳಾಸ ಇದ್ದರೆ ಆ ಪೋರ್ಟ್‌ಗೆ ಸದ್ಯ ಹೊಣೆಗಾರರಿಲ್ಲ ಎಂದರ್ಥ. ಅಂಥದ್ದನ್ನು ಬಳಸಬಾರದೆಂದೇನೂ ಇಲ್ಲ; ಆದರೆ ಸುಗ್ಗಿಯ ನಡುವೆ ಅದು ಮುರಿದರೆ ಸರಿಪಡಿಸುವ ಹೊಣೆ ನಮ್ಮದೇ ಆಗುತ್ತದೆ.

ತೂಕ ಓದುವುದು ಮತ್ತು ದಾಖಲಿಸುವುದು

ಸೀರಿಯಲ್ ಸಂಪರ್ಕಕ್ಕೆ ಪೈಸೀರಿಯಲ್ ಲೈಬ್ರರಿಯನ್ನು ಹೆಚ್ಚು ಚರ್ಚೆಯಿಲ್ಲದೆ ಒಪ್ಪಿಕೊಂಡೆವು. ಅದು ಪೂರ್ತಿ ಪೈಥಾನ್‌ನಲ್ಲಿದೆ, ಪೋರ್ಟ್ಸ್‌ನಲ್ಲಿಯೂ ಇದೆ. ನೋಡ್ ಜೆಎಸ್‌ನ ಸೀರಿಯಲ್ ಲೈಬ್ರರಿಯನ್ನು ಸೂಚಿಸಿದವರಿದ್ದರು. ಅದರ ಒಳಭಾಗ ಸಿ++ನಲ್ಲಿದೆ ಮತ್ತು ಅದನ್ನು ಪ್ರತಿ ಸಲ ಇಲ್ಲಿಯೇ ಕಂಪೈಲ್ ಮಾಡಬೇಕಾಗುತ್ತಿತ್ತು, ಆದ್ದರಿಂದ ಕೈಬಿಟ್ಟೆವು.

ಲೈಬ್ರರಿ ಒಂದೇ ಆದರೂ ಅದರ ಕೆಳಗಿನ ನೆಲ ಬೇರೆ. ಲಿನಕ್ಸ್‌ನ ಉದಾಹರಣೆಗಳಲ್ಲಿ ಯುಎಸ್‌ಬಿ ಸೀರಿಯಲ್ ಕೇಬಲ್‌ನ ಹೆಸರು ‘ಟಿಟಿವೈಯುಎಸ್‌ಬಿ0’ ಎಂದಿರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಅದೇ ಕೇಬಲ್‌ಗೆ ಎರಡು ಹೆಸರುಗಳು: ‘ಟಿಟಿವೈಯು0’ ಮತ್ತು ‘ಸಿಯುಎಯು0’. ಮೊದಲನೆಯದನ್ನು ತೆರೆದರೆ ಆಚೆ ಬದಿಯಿಂದ ಕ್ಯಾರಿಯರ್ ಸಂಕೇತ (ಸಂಪರ್ಕ ಸಿದ್ಧವಿದೆ ಎಂಬ ಸೂಚನೆ) ಬರುವವರೆಗೆ ಪ್ರೋಗ್ರಾಂ ಕಾಯುತ್ತಾ ನಿಲ್ಲುತ್ತದೆ. ಮೂರು ತಂತಿಗಳ ವೇಬ್ರಿಡ್ಜ್ ಕೇಬಲ್‌ನಲ್ಲಿ ಆ ಸಂಕೇತ ಎಂದಿಗೂ ಬರುವುದಿಲ್ಲ. ಎರಡನೆಯದು ಕಾಯುವುದಿಲ್ಲ. ಇಲ್ಲಿ ಬೇಕಾದದ್ದು ಎರಡನೆಯದು. ಪ್ರೋಗ್ರಾಂ ಓಡಿಸುವ ಬಳಕೆದಾರನನ್ನು ‘ಡಯಲರ್’ ಗುಂಪಿಗೆ ಸೇರಿಸದಿದ್ದರೆ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ಲಿನಕ್ಸ್‌ನ ‘ಡಯಲ್‌ಔಟ್’ ಗುಂಪು ಇಲ್ಲಿಲ್ಲ.

ಇನ್ನೊಂದು ವ್ಯತ್ಯಾಸ ಸಣ್ಣದೆನಿಸಿದರೂ ಕಾಟಾದ ಕೋಣೆಯಲ್ಲಿ ದೊಡ್ಡದು. ಲಿನಕ್ಸ್‌ನಲ್ಲಿ ಪೈಸೀರಿಯಲ್ ಜೋಡಿಸಿದ ಕೇಬಲ್‌ಗಳ ತಯಾರಕ ಸಂಖ್ಯೆಯನ್ನೂ ಪಟ್ಟಿ ಮಾಡಿ ಕೊಡುತ್ತದೆ, ಫ್ರೀಬಿಎಸ್‌ಡಿಯಲ್ಲಿ ಬರೀ ಹೆಸರುಗಳನ್ನು ಕೊಡುತ್ತದೆ. ಕೇಬಲ್ ಕಿತ್ತು ಮತ್ತೆ ಹಾಕಿದಾಗ ಹೆಸರಿನ ಕೊನೆಯಲ್ಲಿ 0 ಇದ್ದದ್ದು 1 ಆಗಬಹುದು. ಹಾಗಾಗಿ ಸರಿಯಾದ ಕೇಬಲ್ ಗುರುತಿಸುವ ಕೆಲಸವನ್ನು ಲೈಬ್ರರಿಯಿಂದ ತೆಗೆದು ಆಪರೇಟಿಂಗ್ ಸಿಸ್ಟಂಗೆ ಕೊಟ್ಟೆವು. ಸಾಧನಗಳು ಬಂದು ಹೋಗುವುದನ್ನು ಗಮನಿಸುವ ‘ಡೆವ್‌ಡಿ’ ಎಂಬ ಸೇವೆ ಮೂಲ ವ್ಯವಸ್ಥೆಯಲ್ಲೇ ಇದೆ. ಈ ತಯಾರಕ ಸಂಖ್ಯೆಯ ಕೇಬಲ್ ಬಂದೊಡನೆ ಅದಕ್ಕೆ ‘ಕಾಟಾ’ ಎಂಬ ಸ್ಥಿರ ಕೊಂಡಿ ಮಾಡು ಎಂಬ ನಿಯಮವನ್ನು ಅದರಲ್ಲಿ ಬರೆದೆವು. ಪ್ರೋಗ್ರಾಂಗೆ ಗೊತ್ತಿರುವುದು ಆ ಒಂದು ಹೆಸರು ಮಾತ್ರ.

ದಾಖಲೆಗೆ ಎಸ್‌ಕ್ಯುಲೈಟ್ ಎಂಬ ಚಿಕ್ಕ ಡೇಟಾಬೇಸ್ ಸಾಕಾಗಿತ್ತು. ಪೈಥಾನ್ ಜೊತೆಗೇ ಅದರ ಮಾಡ್ಯೂಲ್ ಬರುತ್ತದೆ ಎಂದು ಎಲ್ಲ ಪಾಠಗಳಲ್ಲಿಯೂ ಇರುತ್ತದೆ. ಫ್ರೀಬಿಎಸ್‌ಡಿ ಮಾತ್ರ ಅದನ್ನು ಪೈಥಾನ್ ಪ್ಯಾಕೇಜ್‌ನಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಇಟ್ಟಿದೆ. ಪೈಥಾನ್ 3.11 ಆದರೆ ‘ಪಿವೈ311’ ಎಂದು ಆರಂಭವಾಗುವ ಹೆಸರಿನ ಎಸ್‌ಕ್ಯುಲೈಟ್ ಪ್ಯಾಕೇಜನ್ನು ಹೇಳಿ ತರಿಸಬೇಕು. ಇದು ಗೊತ್ತಿಲ್ಲದವರು ಮಾಡ್ಯೂಲ್ ಸಿಗಲಿಲ್ಲವೆಂಬ ದೋಷ ಕಂಡು ಪೈಥಾನ್ ಸ್ಥಾಪನೆಯೇ ಕೆಟ್ಟಿದೆ ಎಂದು ಭಾವಿಸುವ ಸಾಧ್ಯತೆ ಇದೆ.

ದಿನದ ಲೆಕ್ಕವನ್ನು ರಾತ್ರಿ ಗಂಗಾವತಿಯ ಲೆಕ್ಕಿಗರ ಕಂಪ್ಯೂಟರ್‌ಗೆ ಕಳಿಸಬೇಕಿತ್ತು. ಮೊದಲ ಯೋಜನೆಯಲ್ಲಿ ಅದಕ್ಕೆ ಪ್ಯಾರಾಮೈಕೊ ಎಂಬ ಲೈಬ್ರರಿ ಇತ್ತು. ಪ್ಯಾರಾಮೈಕೊಗೆ ಕ್ರಿಪ್ಟೋಗ್ರಫಿ ಎಂಬ ಲೈಬ್ರರಿ ಬೇಕು, 2021ರ 3.4ನೆಯ ಆವೃತ್ತಿಯಿಂದ ಅದನ್ನು ಕಟ್ಟಲು ರಸ್ಟ್ ಕಂಪೈಲರ್ ಬೇಕು. ಪಿಕೆಜಿ ಮೂಲಕ ತಂದರೆ ಸಿದ್ಧವಾಗಿಯೇ ಸಿಗುತ್ತದೆ ನಿಜ. ಆದರೆ ಒಂದು ಫೈಲ್ ಕಳಿಸಲು ಇಷ್ಟೆಲ್ಲ ಏಕೆ ಬೇಕು ಎಂದು ನೋಡಿದಾಗ ಉತ್ತರ ಕೈಯಲ್ಲೇ ಇತ್ತು: ಫೈಲ್‌ಗಳನ್ನು ಸುರಕ್ಷಿತವಾಗಿ ಕಳಿಸಬಲ್ಲ ಓಪನ್‌ಎಸ್‌ಎಸ್‌ಎಚ್ ಫ್ರೀಬಿಎಸ್‌ಡಿಯ ಮೂಲ ವ್ಯವಸ್ಥೆಯ ಭಾಗ, ಅದರ ಭದ್ರತಾ ತಿದ್ದುಪಡಿಗಳೂ ಆ ವ್ಯವಸ್ಥೆಯ ಜೊತೆಗೇ ಬರುತ್ತವೆ. ಪೈಥಾನ್ ಪ್ರೋಗ್ರಾಂ ರಾತ್ರಿ ‘ಎಸ್‌ಎಫ್‌ಟಿಪಿ’ ಆಜ್ಞೆಯನ್ನು ಕರೆಯುತ್ತದೆ, ಅಷ್ಟೇ. ಎರಡು ದೊಡ್ಡ ಅವಲಂಬನೆಗಳು ಪಟ್ಟಿಯಿಂದ ಹೋದವು.

ಕನ್ನಡದ ಅಕ್ಷರ ಕೂಡಿಸುವ ಲೈಬ್ರರಿ

ಈ ಪ್ರಕರಣದ ನಿಜವಾದ ಆಯ್ಕೆ ಇದ್ದದ್ದು ಇಲ್ಲಿ. ಪಿಡಿಎಫ್ ತಯಾರಿಸಲು ಪೈಥಾನ್‌ನಲ್ಲಿ ಹೆಸರಾದ ಲೈಬ್ರರಿ ರಿಪೋರ್ಟ್‌ಲ್ಯಾಬ್. ಅದು ಪೋರ್ಟ್ಸ್‌ನಲ್ಲಿದೆ, ಸುಲಭವಾಗಿ ಕೂರುತ್ತದೆ, ವೇಗವಾಗಿಯೂ ಇದೆ. ಅದರ ಸಾಮಾನ್ಯ ವಿಧಾನದಲ್ಲಿ ಕನ್ನಡ ಫಾಂಟ್ ಕೊಟ್ಟು ಒಂದು ಚೀಟಿ ಮುದ್ರಿಸಿ ಕಾಟಾ ಬರೆಯುವ ಗುಮಾಸ್ತರ ಮುಂದಿಟ್ಟೆವು. ಭತ್ತ ಎಂದಿರಬೇಕಾದ ಕಡೆ ‘ಭತ್‌ತ’ ಎಂದಿತ್ತು, ಕೊಪ್ಪಳ ‘ಕೊಪ್‌ಪಳ’ ಆಗಿತ್ತು, ಸಿರುಗುಪ್ಪದ ಪ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿತ್ತು. ಗುಡಿಸು ಮತ್ತು ಇಳಿಗಳು ಅಕ್ಷರಕ್ಕೆ ಅಂಟದೆ ಬಿಡಿಯಾಗಿ ಕಾಣುತ್ತಿದ್ದವು. ‘ಇದು ನಮ್ಮ ರೈತ್ರು ಓದಂಗಿಲ್ರಿ ಸರ, ಇಂಗ್ಲಿಷೇ ವಾಸಿ ಅಂತಾರ’ ಎಂದು ಅವರು ಚೀಟಿ ಹಿಂತಿರುಗಿಸಿದರು. ಅವರ ತೀರ್ಪು ನ್ಯಾಯವಾಗಿತ್ತು. ತನ್ನ ಊರಿನ ಹೆಸರು ಒಡೆದು ಮುದ್ರಿತವಾದ ಚೀಟಿಯಲ್ಲಿನ ಅಂಕಿಗಳನ್ನು ರೈತ ಏಕೆ ನಂಬಬೇಕು?

ಇದು ಫಾಂಟಿನ ದೋಷವಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಒತ್ತಕ್ಷರಗಳ ಪ್ರತ್ಯೇಕ ಸಂಖ್ಯೆಗಳಿಲ್ಲ. ಭತ್ತ ಎಂಬುದು ಭ, ತ, ಹಲಂತ, ಮತ್ತೆ ತ ಹೀಗೆ ನಾಲ್ಕು ಸಂಕೇತಗಳ ಸಾಲಾಗಿ ಸಂಗ್ರಹವಾಗುತ್ತದೆ. ಹಲಂತದ ನಂತರದ ತ ಒತ್ತಾಗಿ ಕೆಳಗೆ ಹೋಗಬೇಕು, ಕರ್ನಾಟಕದಲ್ಲಿನ ರ ಅರ್ಕಾವೊತ್ತಾಗಿ ನಾ ಅಕ್ಷರದ ಆಚೆಗೆ ಸರಿಯಬೇಕು ಎಂಬ ನಿಯಮಗಳು ಫಾಂಟಿನೊಳಗಿನ ಕೋಷ್ಟಕಗಳಲ್ಲಿರುತ್ತವೆ. ಆ ಕೋಷ್ಟಕಗಳನ್ನು ಓದಿ ಜಾರಿಗೆ ತರುವ ಎಂಜಿನ್ ಬೇರೆಯೇ ಬೇಕು. ಸಂಕೇತಕ್ಕೊಂದು ಚಿತ್ರದಂತೆ ಸಾಲಾಗಿ ಜೋಡಿಸಿಬಿಡುವ ಲೈಬ್ರರಿ ಇಂಗ್ಲಿಷ್‌ಗೆ ಸಾಕು, ಕನ್ನಡಕ್ಕೆ ಸಾಲದು. ಮುಕ್ತ ತಂತ್ರಾಂಶ ಲೋಕದಲ್ಲಿ ಈ ಕೆಲಸ ಮಾಡುವ ಎಂಜಿನ್ ಹಾರ್ಫ್‌ಬಜ್; ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಕನ್ನಡ ತೋರಿಸಲು ಅದನ್ನೇ ನೆಚ್ಚಿವೆ. ಆದ್ದರಿಂದ ನಮ್ಮ ಪ್ರಶ್ನೆ ಹೀಗಾಯಿತು: ಹಾರ್ಫ್‌ಬಜ್‌ವರೆಗೆ ತಲುಪುವ ಯಾವ ಲೈಬ್ರರಿ ಫ್ರೀಬಿಎಸ್‌ಡಿಗೆ ಗಟ್ಟಿ ದಾರಿಯಿಂದ ಬರುತ್ತದೆ?

ಪಪಿಟಿಯರ್ ಎಂಬ ಲೈಬ್ರರಿಯ ಮೂಲಕ ಕ್ರೋಮಿಯಂ ಬ್ರೌಸರನ್ನು ಹಿನ್ನೆಲೆಯಲ್ಲಿ ಓಡಿಸಿ ಎಚ್‌ಟಿಎಂಎಲ್ ಪುಟವನ್ನು ಪಿಡಿಎಫ್ ಮಾಡುವುದು ಇಂದು ಬಹಳ ಮಂದಿ ಹಿಡಿಯುವ ದಾರಿ. ಪಪಿಟಿಯರ್ ತಾನಾಗಿ ಇಳಿಸಿಕೊಳ್ಳುವ ಬ್ರೌಸರ್ ಲಿನಕ್ಸ್, ಮ್ಯಾಕ್, ವಿಂಡೋಸ್‌ಗೆ ಮಾತ್ರ ಸಿಗುತ್ತದೆ. ಪೋರ್ಟ್ಸ್‌ನ ಕ್ರೋಮಿಯಂ ಅನ್ನು ತೋರಿಸಿ ಅದನ್ನು ಒಪ್ಪಿಸಬಹುದು. ಆದರೆ ಅಂಗೈಯಗಲದ ಚೀಟಿಗಾಗಿ ಪೂರ್ತಿ ಬ್ರೌಸರನ್ನು ಕಾಯುವುದು, ಅದರ ಭದ್ರತಾ ತಿದ್ದುಪಡಿಗಳ ಹಿಂದೆ ಓಡುವುದು ಈ ಮಿಲ್‌ಗೆ ಹೊರೆಯೇ ಸರಿ.

ಎಫ್‌ಪಿಡಿಎಫ್2 ನಮಗೆ ಇಷ್ಟವಾದ ಲೈಬ್ರರಿ. ಅದು ಚಿಕ್ಕದು, ಪೂರ್ತಿ ಪೈಥಾನ್‌ನಲ್ಲಿದೆ, 2023ರಿಂದ ಅಕ್ಷರ ಕೂಡಿಸುವ ಸೌಲಭ್ಯವೂ ಇದೆ. ಆ ಸೌಲಭ್ಯಕ್ಕೆ ಯುಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿ ಬೇಕು. ಹಾರ್ಫ್‌ಬಜ್‌ನ ಸಿ++ ಕೋಡನ್ನು ಅದು ತನ್ನೊಳಗೇ ಹೊತ್ತು ತರುತ್ತದೆ. ಪಿಪ್ ಅದನ್ನು ಇಲ್ಲಿ ಕಂಪೈಲ್ ಮಾಡಿಕೊಟ್ಟಿತು, ಚೀಟಿಯೂ ಸರಿಯಾಗಿ ಬಂತು. ಆದರೂ ಅದನ್ನು ಎರಡನೆಯ ಸ್ಥಾನದಲ್ಲಿ ಇಟ್ಟೆವು. ಕಾರಣ, ಪೈಥಾನ್ ಆವೃತ್ತಿ ಬದಲಾದಾಗಲೆಲ್ಲ ಆ ಕಂಪೈಲ್ ಮತ್ತೆ ಆಗಬೇಕು. ಮತ್ತು ಈಗಾಗಲೇ ವ್ಯವಸ್ಥೆಯಲ್ಲಿರುವ ಹಾರ್ಫ್‌ಬಜ್ ಒಂದಾದರೆ ಇದರೊಳಗಿನದು ಇನ್ನೊಂದು. ಪಿಕೆಜಿಗೆ ‘ಆಡಿಟ್’ ಎಂಬ ಉಪ ಆಜ್ಞೆ ಇದೆ. ಸ್ಥಾಪಿತ ಪ್ಯಾಕೇಜ್‌ಗಳಲ್ಲಿ ತಿಳಿದಿರುವ ಭದ್ರತಾ ದೋಷಗಳನ್ನು ಅದು ಪಟ್ಟಿ ಮಾಡುತ್ತದೆ. ಪಿಪ್ ಒಳಗೆ ತಂದಿಟ್ಟ ಪ್ರತಿ ಅದರ ಕಣ್ಣಿಗೆ ಬೀಳುವುದಿಲ್ಲ.

ಆಯ್ಕೆಯಾದದ್ದು ವೀಸಿಪ್ರಿಂಟ್. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಕೊಟ್ಟರೆ ಅದು ಪಿಡಿಎಫ್ ಕೊಡುತ್ತದೆ. ಅಕ್ಷರದ ಕೆಲಸವನ್ನು ತಾನು ಮಾಡದೆ ಪ್ಯಾಂಗೊ ಎಂಬ ಸಿ ಲೈಬ್ರರಿಗೆ ವಹಿಸುತ್ತದೆ. ಪ್ಯಾಂಗೊ ಹಾರ್ಫ್‌ಬಜ್ ಅನ್ನು ಬಳಸುತ್ತದೆ. ಈ ಸರಪಳಿಯ ಎಲ್ಲ ಕೊಂಡಿಗಳೂ ಪೋರ್ಟ್ಸ್‌ನಲ್ಲಿ ಪ್ರತ್ಯೇಕ ಪ್ಯಾಕೇಜ್‌ಗಳಾಗಿ ಇವೆ. ಪ್ಯಾಂಗೊ ಮತ್ತು ಹಾರ್ಫ್‌ಬಜ್ ಅನ್ನು ಫ್ರೀಬಿಎಸ್‌ಡಿಯ ಡೆಸ್ಕ್‌ಟಾಪ್ ಬಳಕೆದಾರರೆಲ್ಲ ಪ್ರತಿದಿನ ಬಳಸುತ್ತಾರೆ. ಹಾಗಾಗಿ ಅವು ಮುರಿದರೆ ನಮಗಿಂತ ಮೊದಲು ಸಾವಿರಾರು ಜನಕ್ಕೆ ಗೊತ್ತಾಗುತ್ತದೆ, ದುರಸ್ತಿಯೂ ಬೇಗ ಆಗುತ್ತದೆ. ನಮ್ಮ ಮಟ್ಟಿಗೆ ಇದೇ ನಿರ್ಣಾಯಕ ಕಾರಣವಾಯಿತು. ವೀಸಿಪ್ರಿಂಟ್ ರಿಪೋರ್ಟ್‌ಲ್ಯಾಬ್‌ಗಿಂತ ನಿಧಾನ. ಒಂದು ಗಾಡಿ ಕಾಟಾ ಇಳಿಯಲು ತೆಗೆದುಕೊಳ್ಳುವ ಸಮಯದ ಮುಂದೆ ಆ ನಿಧಾನ ಲೆಕ್ಕಕ್ಕೆ ಬರುವಂಥದ್ದಲ್ಲ.

ಬಿಟ್ಟ ದಾರಿಗಳು

ಲಿನಕ್ಸ್‌ನ ಬೈನರಿಗಳನ್ನು ನೇರವಾಗಿ ಓಡಿಸುವ ಹೊಂದಾಣಿಕೆ ಪದರ ಫ್ರೀಬಿಎಸ್‌ಡಿಯಲ್ಲಿದೆ. ಅದರೊಳಗೆ ಲಿನಕ್ಸ್‌ನ ಪೈಥಾನ್ ಮತ್ತು ಸಿದ್ಧ ವ್ಹೀಲ್‌ಗಳನ್ನು ಇಡಬಹುದಿತ್ತು. ಆಗ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನು ಸಾಕಬೇಕಾಗುತ್ತಿತ್ತು, ಎರಡಕ್ಕೂ ಬೇರೆ ಬೇರೆ ತಿದ್ದುಪಡಿಗಳು. ಬಿಹೈವ್ ಎಂಬ ವರ್ಚುವಲ್ ಯಂತ್ರದಲ್ಲಿ ಡೆಬಿಯನ್ ಲಿನಕ್ಸ್ ಇಡುವ ಯೋಚನೆಯೂ ಬಂತು. ಬಿಹೈವ್ ಒಂದೇ ಯುಎಸ್‌ಬಿ ಕೇಬಲನ್ನು ಒಳಗೆ ಬಿಡುವುದಿಲ್ಲ, ಇಡೀ ಯುಎಸ್‌ಬಿ ನಿಯಂತ್ರಕವನ್ನೇ ಒಪ್ಪಿಸಬೇಕು. ಈ ಹಳೆಯ ಬೋರ್ಡ್‌ಗೆ ಆ ಸಾಮರ್ಥ್ಯ ಇರಲಿಲ್ಲ. ಕಾಟಾದ ಕೋಣೆಯಲ್ಲಿ ಪ್ರತ್ಯೇಕ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಡುವುದು ಇವೆರಡಕ್ಕಿಂತ ಒಳ್ಳೆಯ ಸಲಹೆ, ಬೇರೆ ಮಿಲ್ ಆಗಿದ್ದರೆ ಅದನ್ನೇ ಹೇಳುತ್ತಿದ್ದೆವು. ಆದರೆ ಪದೇ ಪದೇ ವಿದ್ಯುತ್ ಹೋಗುವ, ಹೊಟ್ಟಿನ ದೂಳು ತುಂಬಿದ ಜಾಗದಲ್ಲಿ ಮೆಮೊರಿ ಕಾರ್ಡ್ ಮೇಲೆ ಲೆಕ್ಕ ಇಡುವುದು ಮಾಲೀಕರ ಎರಡನೆಯ ಬೇಡಿಕೆಗೇ ವಿರುದ್ಧವಾಗಿತ್ತು.

ಸ್ಥಾಪನೆ

ಸ್ಥಾಪನೆಗೆ ಮುನ್ನ ‘ಬೆಕ್ಟಲ್’ ಆಜ್ಞೆಯಿಂದ ಬೂಟ್ ಪರಿಸರದ, ಅಂದರೆ ಯಂತ್ರ ಆರಂಭವಾಗಲು ಬಳಸುವ ವ್ಯವಸ್ಥೆಯ, ಒಂದು ಪ್ರತಿ ಮಾಡಿಟ್ಟೆವು. ಜಡ್‌ಎಫ್‌ಎಸ್ ಇರುವುದರಿಂದ ಇದು ಕ್ಷಣದ ಕೆಲಸ, ಆರಂಭದಲ್ಲಿ ಹೆಚ್ಚಿನ ಜಾಗವನ್ನೂ ತಿನ್ನುವುದಿಲ್ಲ. ಮುಂದೆ ಏನೇ ಕೆಟ್ಟರೂ ಯಂತ್ರ ಮರಳಿ ಆರಂಭವಾಗುವಾಗ ಹಳೆಯ ಪರಿಸರವನ್ನು ಆರಿಸಿದರೆ ಸಾಕು. ನಂತರ ಪೈಥಾನ್, ಎಸ್‌ಕ್ಯುಲೈಟ್, ಪೈಸೀರಿಯಲ್, ವೀಸಿಪ್ರಿಂಟ್ ಮತ್ತು ನೋಟೊ ಫಾಂಟ್‌ಗಳನ್ನು ಪಿಕೆಜಿಯಿಂದಲೇ ತಂದೆವು. ನಮ್ಮ ಪ್ರೋಗ್ರಾಂಗೆ ಪ್ರತ್ಯೇಕ ಪೈಥಾನ್ ಪರಿಸರ ಮಾಡಿ, ಅದು ವ್ಯವಸ್ಥೆಯ ಲೈಬ್ರರಿಗಳನ್ನು ಕಾಣುವಂತೆ ಬಿಟ್ಟೆವು. ಪಿಪ್‌ನಿಂದ ಬಂದದ್ದೇನಿದ್ದರೂ ಆ ಪರಿಸರದೊಳಗೇ ಉಳಿಯುತ್ತದೆ. ವ್ಯವಸ್ಥೆಯ ಪೈಥಾನ್ ಮೇಲೆ ಪಿಪ್ ಓಡಿಸಿದರೆ ಪಿಕೆಜಿ ಇಟ್ಟ ಫೈಲ್‌ಗಳನ್ನು ಅದು ಸದ್ದಿಲ್ಲದೆ ಬದಲಿಸಬಹುದು, ಮುಂದಿನ ಅಪ್‌ಗ್ರೇಡ್‌ನಲ್ಲಿ ಎರಡೂ ಕೆಡುತ್ತವೆ.

ಪ್ಯಾಂಗೊ ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದಾಗ, ಗಂಗಾವತಿಯ ಯುವಕನಿಗೆ ಹೊಸದೆನಿಸಿದ ಸಂಗತಿಯೊಂದು ಎದುರಾಯಿತು. ಪ್ಯಾಕೇಜ್ ಇದೆ, ಹೆಡರ್ ಫೈಲ್ ಕಣ್ಣೆದುರೇ ಇದೆ, ಆದರೂ ಕಂಪೈಲರ್ ಅದು ಸಿಗಲಿಲ್ಲ ಎನ್ನುತ್ತದೆ. ಫ್ರೀಬಿಎಸ್‌ಡಿಯ ಮೂಲ ಕಂಪೈಲರ್ ಆದ ಕ್ಲ್ಯಾಂಗ್ ‘ಯುಎಸ್‌ಆರ್ ಲೋಕಲ್’ ಕೋಶದೊಳಗೆ ತಾನಾಗಿ ಹುಡುಕುವುದಿಲ್ಲ. ಮೂಲ ವ್ಯವಸ್ಥೆಯನ್ನೂ ಹೊರಗಿನಿಂದ ಬಂದದ್ದನ್ನೂ ಬೇರೆಯಾಗಿ ಇಡುವ ಶಿಸ್ತಿನ ಫಲ ಇದು. ‘ಪಿಕೆಜಿಕಾನ್ಫ್’ ಉಪಕರಣದಿಂದ ಕೋಶದ ವಿಳಾಸ ಕೇಳಿ ಕಂಪೈಲರ್‌ಗೆ ಕೊಟ್ಟರೆ ಮುಗಿಯಿತು. ಲಿನಕ್ಸ್‌ಗಾಗಿ ಬರೆದ ಸ್ಥಾಪನಾ ಸ್ಕ್ರಿಪ್ಟ್‌ಗಳು ಇಲ್ಲಿ ಬೀಳಲು ಇದೇ ಬಗೆಯ ಊಹೆಗಳು ಕಾರಣ: ಕಂಪೈಲ್ ನಡೆಸುವ ‘ಮೇಕ್’ ಆಜ್ಞೆ ಎಂದರೆ ಗ್ನೂ ಮೇಕ್ ಎಂದು ಅವು ನಂಬಿರುತ್ತವೆ, ಇಲ್ಲಿ ಅದರ ಹೆಸರು ‘ಜಿಮೇಕ್’, ಆಜ್ಞೆಗಳನ್ನು ಓಡಿಸುವ ಬ್ಯಾಶ್ ಶೆಲ್ ಇದ್ದೇ ಇರುತ್ತದೆ ಎಂದು ನಂಬಿರುತ್ತವೆ, ಇಲ್ಲಿ ಅದು ಮೂಲ ವ್ಯವಸ್ಥೆಯಲ್ಲಿಲ್ಲ.

ಮುದ್ರಣ

ಮಿಲ್‌ಗೆ ಮೂರು ಪ್ರತಿಯ ಕಾರ್ಬನ್ ಚೀಟಿ ಬೇಕು, ಆದ್ದರಿಂದ ಲೇಸರ್ ಪ್ರಿಂಟರ್ ಪ್ರಶ್ನೆಯೇ ಬರುವುದಿಲ್ಲ. ಇದ್ದದ್ದು ಒಂಬತ್ತು ಪಿನ್‌ಗಳ ಡಾಟ್ ಮ್ಯಾಟ್ರಿಕ್ಸ್. ಕಪ್ಸ್ ಮುದ್ರಣ ವ್ಯವಸ್ಥೆಯಲ್ಲಿ ಎಪ್ಸನ್ ಮಾದರಿಯ ಒಂಬತ್ತು ಮತ್ತು ಇಪ್ಪತ್ನಾಲ್ಕು ಪಿನ್‌ಗಳ ಪ್ರಿಂಟರ್‌ಗಳಿಗೆ ಮೊದಲಿನಿಂದಲೂ ಡ್ರೈವರ್ ಇದೆ. ತಯಾರಕರು ಲಿನಕ್ಸ್‌ಗೆಂದು ಮಾತ್ರ ಕೊಡುವ ಮುಚ್ಚಿದ ಡ್ರೈವರ್‌ಗಳ ಗೊಡವೆ ಬೇಕಾಗಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಫ್ರೀಬಿಎಸ್‌ಡಿಯ ಮೂಲ ವ್ಯವಸ್ಥೆಗೆ ತನ್ನದೇ ಹಳೆಯ ಮುದ್ರಣ ಸೇವೆ ಇದ್ದು, ‘ಎಲ್‌ಪಿ’ ಎಂಬ ಆಜ್ಞೆ ಅದಕ್ಕೂ ಇದೆ, ಕಪ್ಸ್‌ಗೂ ಇದೆ. ಪೂರ್ಣ ವಿಳಾಸ ಕೊಡದೆ ಕರೆದರೆ ಮೊದಲು ಸಿಗುವುದು ಹಳೆಯದು, ಚೀಟಿ ಕಪ್ಸ್ ಕಡೆಗೆ ಹೋಗುವುದೇ ಇಲ್ಲ. ಪ್ರೋಗ್ರಾಂನಲ್ಲಿ ಪೂರ್ಣ ವಿಳಾಸವನ್ನೇ ಬರೆದೆವು.

ಲೈಬ್ರರಿ ಅಕ್ಷರವನ್ನು ಸರಿಯಾಗಿ ಕೂಡಿಸಿದರೂ ಪಿನ್‌ಗಳ ಮಿತಿ ಉಳಿಯುತ್ತದೆ. ಪಿನ್‌ನಿಂದ ಪಿನ್‌ಗೆ ಇರುವ ಅಂತರ ಇಂಚಿನ 72ನೆಯ ಒಂದು ಭಾಗ. ಅಕ್ಷರ ಅಳೆಯುವ ಪಾಯಿಂಟ್ ಕೂಡ ಅಷ್ಟೇ. ಹಾಗಾಗಿ ಹತ್ತು ಪಾಯಿಂಟ್ ಅಕ್ಷರಕ್ಕೆ ಮೇಲಿನಿಂದ ಕೆಳಗೆ ಸಿಗುವುದು ಹತ್ತು ಚುಕ್ಕೆ, ಅದರಲ್ಲಿ ಒತ್ತಿನ ಪಾಲಿಗೆ ಮೂರೋ ನಾಲ್ಕೋ. ಆ ಚುಕ್ಕೆಗಳಲ್ಲಿ ತ ಒತ್ತಿಗೂ ನ ಒತ್ತಿಗೂ ವ್ಯತ್ಯಾಸ ಉಳಿಯಲಿಲ್ಲ, ಮೂರನೆಯ ಕಾರ್ಬನ್ ಪ್ರತಿಯಲ್ಲಂತೂ ಬರೀ ಮಸಿ. ಅಕ್ಷರವನ್ನು 16 ಪಾಯಿಂಟ್‌ಗೆ ಏರಿಸಿ, ಅಡ್ಡಲಾಗಿ ಇಂಚಿಗೆ 240 ಚುಕ್ಕೆಗಳ ದರ್ಜೆ ಇಟ್ಟಾಗ ಓದುವಂತಾಯಿತು. ಆದರೆ ಚಿತ್ರವಾಗಿ ಮುದ್ರಿಸುವುದು ನಿಧಾನ. ಅದಕ್ಕಾಗಿ ಮಿಲ್‌ನ ಹೆಸರು, ‘ತುಂಬಿದ ತೂಕ’, ‘ಖಾಲಿ ತೂಕ’, ‘ನಿವ್ವಳ’, ‘ಚೀಲ’ ಎಂಬ ಬದಲಾಗದ ಮಾತುಗಳನ್ನು ಪ್ರೆಸ್‌ನಲ್ಲಿ ಮೊದಲೇ ಅಚ್ಚು ಹಾಕಿಸಿದೆವು. ಯಂತ್ರ ಈಗ ಮುದ್ರಿಸುವುದು ರೈತರ ಹೆಸರು, ಊರು, ಗಾಡಿ ನಂಬರು ಮತ್ತು ಅಂಕಿಗಳನ್ನು ಮಾತ್ರ. ಗುಮಾಸ್ತರು ಈ ಚೀಟಿಯನ್ನು ಒಪ್ಪಿದರು.

ಪಾಲನೆ

ಮೂರು ತಿಂಗಳ ಕವಲಿಗೆ ಒಂದು ಅನಾನುಕೂಲವಿದೆ: ಹೊಸ ಕವಲು ಬಂದೊಡನೆ ಹಿಂದಿನದರ ಪ್ಯಾಕೇಜ್‌ಗಳು ಸರ್ವರ್‌ನ ಆ ಜಾಗದಲ್ಲಿ ಉಳಿಯುವುದಿಲ್ಲ. ಡಿಸೆಂಬರಿನಲ್ಲಿ ಡಿಸ್ಕ್ ಕೆಟ್ಟು, ಜನವರಿಯಲ್ಲಿ ಮತ್ತೆ ಕಟ್ಟಲು ಹೋದರೆ ಅದೇ ಆವೃತ್ತಿಗಳು ಸಿಗುತ್ತವೆಂಬ ಖಾತ್ರಿ ಇಲ್ಲ. ಆದ್ದರಿಂದ ಈಗ ಓಡುತ್ತಿರುವ ಎಲ್ಲ ಪ್ಯಾಕೇಜ್ ಫೈಲ್‌ಗಳನ್ನೂ ಅವಲಂಬನೆಗಳ ಸಮೇತ ಇಳಿಸಿ, ಬೇರೆ ಡಿಸ್ಕ್‌ನಲ್ಲಿ ಇಟ್ಟಿದ್ದೇವೆ. ಕಾರಟಗಿ ಕಡೆ ಇಂಟರ್ನೆಟ್ ಕೈಕೊಟ್ಟ ದಿನವೂ ಅವುಗಳಿಂದ ಯಂತ್ರವನ್ನು ಮೊದಲಿನ ಸ್ಥಿತಿಗೆ ತರಬಹುದು.

ಅಪ್‌ಗ್ರೇಡ್ ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಮಾತ್ರ ನಡೆಯುತ್ತದೆ. ಮೊದಲು ಹೊಸ ಬೂಟ್ ಪರಿಸರ, ನಂತರ ಏನೇನು ಬದಲಾಗಲಿದೆ ಎಂದು, ಏನನ್ನೂ ಬದಲಿಸದೆ, ಪಿಕೆಜಿ ಕೊಡುವ ಪಟ್ಟಿ, ಆಮೇಲೆ ಅಪ್‌ಗ್ರೇಡ್, ಕೊನೆಗೆ ಪರೀಕ್ಷಾ ಚೀಟಿ. ಆ ಚೀಟಿಯಲ್ಲಿ ಭತ್ತ, ಕೊಪ್ಪಳ, ಸಿರುಗುಪ್ಪ, ಮಾನ್ವಿ, ಕರ್ನಾಟಕ, ಕ್ವಿಂಟಲ್, ಶ್ರೀರಾಮನಗರ ಎಂಬ ಪದಗಳಿವೆ. ಒತ್ತು, ಅರ್ಕಾವೊತ್ತು, ಒತ್ತಿನ ಜೊತೆಗೆ ಗುಡಿಸು ಬರುವ ಕ್ವಿ, ಕೆಳಗೆ ಕೊಂಕುವ ರ ಒತ್ತು ಎಲ್ಲವೂ ಅವುಗಳಲ್ಲಿ ಬರುತ್ತವೆ. ಕಾರಟಗಿ, ಸಿಂಧನೂರು, ಗಂಗಾವತಿಗಳಲ್ಲಿ ಒತ್ತುಗಳಿಲ್ಲದ ಕಾರಣ ಪರೀಕ್ಷೆಗೆ ಅವು ಸಾಲುವುದಿಲ್ಲ. ಹೊಸ ಪಿಡಿಎಫ್‌ನ ಚಿತ್ರವನ್ನು ಹಳೆಯದರ ಚಿತ್ರದೊಂದಿಗೆ ಪ್ರೋಗ್ರಾಂ ಹೋಲಿಸುತ್ತದೆ. ವ್ಯತ್ಯಾಸ ಕಂಡರೆ ಗುಮಾಸ್ತರು ಕಣ್ಣಿಂದ ನೋಡಿ ಒಪ್ಪುವವರೆಗೆ ಹಳೆಯ ಪರಿಸರವೇ ಮುಂದುವರಿಯುತ್ತದೆ.

ಬಾಕಿ ಇರುವ ಕೆಲಸ ಪೈಥಾನ್ ಆವೃತ್ತಿಯದು. ಪೋರ್ಟ್ಸ್ ತನ್ನ ಪೂರ್ವನಿಯೋಜಿತ ಪೈಥಾನ್ ಬದಲಿಸಿದಾಗ ‘ಪಿವೈ311’ ಎಂದು ಆರಂಭವಾಗುವ ಪ್ಯಾಕೇಜ್‌ಗಳೆಲ್ಲ ಹೊಸ ಸಂಖ್ಯೆಯ ಹೆಸರಿಗೆ ಹೋಗುತ್ತವೆ, ನಮ್ಮ ಪ್ರತ್ಯೇಕ ಪರಿಸರವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಅದಕ್ಕೆ ಬೇಕಾದ ಹೆಜ್ಜೆಗಳನ್ನೂ, ಪ್ರತಿಯೊಂದು ಲೈಬ್ರರಿಯನ್ನು ಏಕೆ ಆರಿಸಿದೆವು ಮತ್ತು ಅದು ಯಾವ ದಾರಿಯಿಂದ ಬಂತು ಎಂಬುದನ್ನೂ ಕನ್ನಡದಲ್ಲಿ ಬರೆದು ಗಂಗಾವತಿಯ ಯುವಕನಿಗೆ ಕೊಟ್ಟಿದ್ದೇವೆ. ಬೇಸಿಗೆ ಬೆಳೆಯ ಭತ್ತ ಮುಗಿದ ಮೇಲೆ ಆ ಬದಲಾವಣೆಯನ್ನು ಆತನೇ ಮಾಡಲಿದ್ದಾನೆ.